ಹಿಂದಿನ ತರಗತಿಯಲ್ಲಿ ನೀವು ಕಲಿತಂತೆ

ಅಣ್ಣಾ,

‘ಮಾನ್ಯ ನಿರ್ದೇಶಕರೇ’ ಎಂದು ಶುರುವಾಗುವ ಕಾಗದ ಬೇರೆ ಇದೆ. ಅದನ್ನು ನಿನ್ನ ಕಚೇರಿ ಬಯಸುವ ಹಾಗೆ ಎಡಗಡೆ ಅಂಚು ಬಿಟ್ಟು ಬರೆದು, ಹೆಡ್‌ಮಾಸ್ಟರರ ಮೂಲಕ ಕಳಿಸುತ್ತೇನೆ. ಇದು ಮನೆಯ ಕಾಗದ. ಇದಕ್ಕೆ ಅಂಚೂ ಇಲ್ಲ, ಮುಲಾಜೂ ಇಲ್ಲ. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ ಎಂಬುದು ನೋಟಿಸಿನ ಕೆಳಗಿನ ಸಹಿಯ ಗತ್ತಿನಲ್ಲೇ ತಿಳಿಯಿತು.

ನೋಟಿಸು ಮೊನ್ನೆ ಮಧ್ಯಾಹ್ನ ಬಂತು. ಆರನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, “ಮೇಡಂ, ನಿಮ್ಮಣ್ಣನವರ ಆಫೀಸಿಂದ ಏನೋ ಬಂದಿದೆ” ಎಂದು ಮದುವೆ ಕರೆಯೋಲೆ ಕೊಡುವಷ್ಟು ಸಂಭ್ರಮದಿಂದ ಕೊಟ್ಟರು. ಪಾಪ, ನನಗೆ ಬಡ್ತಿ ಬಂತೆಂದೇ ಅವರು ಅಂದುಕೊಂಡಿದ್ದರು. ಒಡೆದು ನೋಡಿದರೆ, ನಿಗದಿತ ಪಠ್ಯವನ್ನು ಬದಿಗೊತ್ತಿ ಪಠ್ಯದಲ್ಲಿಲ್ಲದ ವಿಷಯ ಬೋಧಿಸುತ್ತಿರುವ ನಿಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬ ಪ್ರಶ್ನೆ. ಹೊರಗಿನವರು ಯಾರಾದರೂ ಓದಿದರೆ ನಾನೇನೋ ಮಕ್ಕಳಿಗೆ ಬಾಂಬು ಮಾಡುವುದನ್ನು ಹೇಳಿಕೊಡುತ್ತಿದ್ದೆ ಎಂದುಕೊಳ್ಳಬೇಕು. ನಾನು ಹೇಳಿಕೊಡುತ್ತಿದ್ದದ್ದು ಭಿನ್ನರಾಶಿ, ಅಣ್ಣಾ. ಅರ್ಧ, ಕಾಲು, ಮುಕ್ಕಾಲು.

ನೀನು ಚಿಕ್ಕಂದಿನಲ್ಲಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದೆ. ಆ ಖಾರ ಇನ್ನೂ ಇಳಿದಿಲ್ಲ. ಕುಳಿತುಕೊಂಡು ಓದು.

ಈ ವರ್ಷ ಶಾಲೆ ತೆರೆದ ದಿನ ಹೊಸ ಪುಸ್ತಕ ಬಂತು. ಚೆಂದದ ಪುಸ್ತಕ, ಇಲ್ಲ ಎನ್ನುವುದಿಲ್ಲ. ನುಣುಪು ಕಾಗದ, ಬಣ್ಣಬಣ್ಣದ ಚಿತ್ರ. ಮಕ್ಕಳು ಮೂಗಿಗೆ ಹಿಡಿದು ವಾಸನೆ ನೋಡಿದರು. ಆರನೆಯ ತರಗತಿಯ ಗಣಿತದ ಮೊದಲ ಪಾಠ ದಶಮಾಂಶ. ಅದರ ಮೊದಲ ಸಾಲು: “ಹಿಂದಿನ ತರಗತಿಯಲ್ಲಿ ನೀವು ಕಲಿತಂತೆ, ಪೂರ್ಣವನ್ನು ಸಮಭಾಗ ಮಾಡಿದಾಗ ಭಿನ್ನರಾಶಿ ದೊರೆಯುತ್ತದೆ.” ನಾನು ಗಟ್ಟಿಯಾಗಿ ಓದಿ, “ಕಲ್ತಿದ್ದೀರಾ?” ಎಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ, ಬಸ್ ಡ್ರೈವರನ ಮಗಳು, ಎದ್ದು ನಿಂತಳು. “ಹೂಂ ಟೀಚರ್, ಕಲ್ತಿದ್ವಿ. ಮರ್ತುಹೋಯ್ತು.” ಅವಳ ಹಿಂದೆ ಇಡೀ ತರಗತಿ “ಮರ್ತುಹೋಯ್ತು ಟೀಚರ್” ಎಂದಿತು.

ಅವರು ಮರೆತಿರಲಿಲ್ಲ. ಅವರಿಗೆ ಯಾರೂ ಕಲಿಸಿರಲೇ ಇಲ್ಲ. ನಿನಗೆ ಇದೆಲ್ಲ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಶಿಕ್ಷಣ ಇಲಾಖೆಯ ಪಠ್ಯ ಸುಧಾರಣೆಯ ದಪ್ಪ ವರದಿಯಲ್ಲಿ ಈ ಮಾತು ಎಲ್ಲೂ ಇಲ್ಲ. ಹೋದ ವರ್ಷದವರೆಗೆ ಭಿನ್ನರಾಶಿ ಆರನೆಯ ತರಗತಿಯ ಪಾಠವಾಗಿತ್ತು. ನೀವು ಅದನ್ನು ಐದಕ್ಕೆ ಇಳಿಸಿದಿರಿ. ಇಳಿಸಿ, ಬೇಡ ಎಂದವರಾರು? ಆದರೆ ಒಂದರಿಂದ ಏಳರವರೆಗೆ ಎಲ್ಲ ಪುಸ್ತಕಗಳನ್ನೂ ಒಂದೇ ದಿನ ಬದಲಾಯಿಸಿದಿರಿ. ಹೋದ ವರ್ಷ ಐದರಲ್ಲಿದ್ದ ಮಕ್ಕಳು ಓದಿದ್ದು ಹಳೆಯ ಪುಸ್ತಕ. ಹಳೆಯ ಐದರಲ್ಲಿ ಭಿನ್ನರಾಶಿ ಇರಲಿಲ್ಲ. ಈಗ ಆರರಲ್ಲಿ ಅವರ ಕೈಗೆ ಬಂದಿರುವುದು ಹೊಸ ಪುಸ್ತಕ. ಹೊಸ ಆರರಲ್ಲಿ ಭಿನ್ನರಾಶಿ ಇಲ್ಲ, “ಹಿಂದಿನ ತರಗತಿಯಲ್ಲಿ ನೀವು ಕಲಿತಂತೆ” ಎಂಬ ಒಂದು ಸುಳ್ಳು ಮಾತ್ರ ಇದೆ. ಹೊಸ ಏಳರಲ್ಲಿ ಶೇಕಡಾ, ಬಡ್ಡಿ, ಪ್ರಮಾಣ. ಅರ್ಧ ಕಾಲು ಗೊತ್ತಿಲ್ಲದವರು ಶೇಕಡಾವನ್ನು ಯಾವ ಬಾಯಿಂದ ಹೇಳಬೇಕು? ಏಳರ ಕೊನೆಯ ಪರೀಕ್ಷೆಯಲ್ಲಿ ಗಣಿತ ಹೋದರೆ ಹೈಸ್ಕೂಲಿನ ಬಾಗಿಲು ಮುಚ್ಚಿತು. ದೇಶದ ಒಂದು ಇಡೀ ವರ್ಷದ ಮಕ್ಕಳು ಎರಡು ಮೆಟ್ಟಿಲುಗಳ ನಡುವಿನ ಸಂದಿಗೆ ಬಿದ್ದಿದ್ದಾರೆ. ಬಿದ್ದವರು ತಮ್ಮ ಕಾಲೇ ಸರಿಯಿಲ್ಲ ಎಂದುಕೊಂಡಿದ್ದಾರೆ.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿ. ತಪ್ಪು ಪುಸ್ತಕ ಬಂದದ್ದಕ್ಕಲ್ಲ, ಸರಕಾರಿ ಪುಸ್ತಕದಲ್ಲಿ ತಪ್ಪು ಹೊಸದೇನಲ್ಲ. ಆ ಮಕ್ಕಳು ಪುಸ್ತಕವನ್ನು ನಂಬಿದರು, ತಮ್ಮನ್ನು ನಂಬಲಿಲ್ಲ. ಅಚ್ಚಾಗಿದೆ, ಹಾಗಾದರೆ ನಿಜವೇ ಇರಬೇಕು, ನಾವೇ ದಡ್ಡರು ಎಂದುಕೊಂಡರು. ಕ್ಷೌರದಂಗಡಿಯವರ ಮಗನಿಗೆ ಅವರಪ್ಪ ಬೆಲ್ಟಿನಲ್ಲಿ ಬಾರಿಸಿದರು. ನಾನು ಅಂಗಡಿಗೇ ಹೋಗಿ ಕೇಳಿದೆ. ಗಿರಾಕಿಯ ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು ಹೊರಗೆ ಬಂದರು. “ಪುಸ್ತಕದಲ್ಲೇ ಬರ್ದಿದೆ ಮೇಡಂ, ಹೋದ ವರ್ಷ ಕಲ್ತಿದ್ದಾರೆ ಅಂತ. ಇವನು ಇಡೀ ವರ್ಷ ಏನು ಮಾಡ್ತಿದ್ದ?” ಎಂದರು. ಔಷಧಿ ಅಂಗಡಿಯಲ್ಲಿ ನೆನಪಿನ ಶಕ್ತಿಯ ಸಿರಪ್ಪಿಗೆ ಈಗ ಒಳ್ಳೆ ಬೇಡಿಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದೆ, ಕಣ್ಣಾರೆ ನೋಡಿದ್ದು ಈ ವರ್ಷ.

ಈಗ ನದಿಯಾಚೆಯ ಮಾತಿಗೆ ಬರುತ್ತೇನೆ. ನಿನಗೆ ಇಷ್ಟವಾದ ವಿಷಯ ಅದು. ಭಾಷಣದಲ್ಲಿ ಸಚಿವರು ಬಾಯಿ ತೆರೆದರೆ “ನೆರೆಯ ದೇಶದ ಮಾದರಿ” ಎನ್ನುತ್ತಾರಲ್ಲ, ಆ ಮಾದರಿಯನ್ನು ನೋಡಲು ಹೋದ ತಂಡದಲ್ಲಿ ನಾನೂ ಇದ್ದೆ. ಶಿಕ್ಷಕರ ಪ್ರತಿನಿಧಿ ಒಬ್ಬರು ಇರಲೇಬೇಕು ಎಂಬ ನಿಯಮವಿತ್ತು, ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದು ನೀನು ತಂಗಿಯನ್ನೇ ಹಾಕಿಕೊಂಡೆ. ನಿನ್ನ ಜೀವನದ ದೊಡ್ಡ ಲೆಕ್ಕ ತಪ್ಪಿದ್ದು ಅಲ್ಲೇ ಇರಬೇಕು.

ಸೇತುವೆ ದಾಟಿದ ಕೂಡಲೇ ಸಚಿವರು ಮಾಡಿದ ಮೊದಲ ಕೆಲಸ ನೆನಪಿದೆಯಾ? ಅವರ ಐದನೆಯ ತರಗತಿಯ ಪುಸ್ತಕವನ್ನೂ ನಮ್ಮದನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದರು. “ಅವರಲ್ಲಿ ಭಿನ್ನರಾಶಿ ಐದರಲ್ಲೇ ಇದೆಯಲ್ರೀ! ನಾವು ಒಂದು ವರ್ಷ ಹಿಂದಿದ್ದೀವಿ!” ಎಂದರು. ಆ ಒಂದು ಉದ್ಗಾರವೇ ನಮ್ಮ ರಾಷ್ಟ್ರೀಯ ಪಠ್ಯಕ್ರಮ ಸುಧಾರಣೆಯಾಯಿತು. ಉಳಿದ ದಿನಗಳಲ್ಲಿ ತಂಡದವರು ಶಾಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಅಂಗಡಿ ಬೀದಿಯಲ್ಲಿ ಕಂಬಳಿ ಕೊಂಡರು.

ನಾನು ತರಗತಿಗಳಲ್ಲಿ ಕುಳಿತೆ. ಆಚೆಯವರನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಮಕ್ಕಳೂ ಕಿಟಕಿಯಾಚೆ ನೋಡುತ್ತಾ ಆಕಳಿಸುತ್ತಾರೆ. ಅವರ ಶಿಕ್ಷಕರ ಕೋಣೆಯ ಮಾಡೂ ಸೋರುತ್ತದೆ. ಬಕೆಟ್ಟಿನ ಪಕ್ಕದಲ್ಲಿ ಕುಳಿತು ನಮ್ಮ ಹಾಗೆಯೇ ಸಂಬಳವನ್ನು ಬೈಯುತ್ತಾರೆ. ಅವರ ಸಮಾಜ ಪುಸ್ತಕದ ನಕಾಶೆಯಲ್ಲಿ ನದಿ ಮುಗಿದ ಮೇಲೆ ನಾವಿರುವ ಜಾಗ ಖಾಲಿ ಕಾಗದ, ನಮ್ಮ ನಕಾಶೆಯಲ್ಲಿ ಅವರಿರುವ ಜಾಗದಂತೆಯೇ. ಅಷ್ಟರಮಟ್ಟಿಗೆ ಎರಡು ದೇಶಗಳಿಗೂ ಒಳ್ಳೆಯ ಹೊಂದಾಣಿಕೆಯಿದೆ.

ಆದರೆ ಅವರು ಪುಸ್ತಕ ಬದಲಾಯಿಸಿದ್ದು ಒಂದನೆಯ ತರಗತಿಯಿಂದ. ಮೊದಲ ವರ್ಷ ಒಂದನೆಯದು ಮಾತ್ರ. ಮರುವರ್ಷ ಅದೇ ಮಕ್ಕಳು ಎರಡಕ್ಕೆ ಬಂದಾಗ ಎರಡನೆಯದು. ಹೀಗೆ ವರ್ಷಕ್ಕೊಂದು. ಅಲ್ಲಿನ ಪಠ್ಯ ಮಂಡಳಿಯ ಬಿಳಿಕೂದಲಿನ ಅಮ್ಮ, ಉದ್ದನೆಯ ಮೇಜಿನ ಕೊನೆಯಲ್ಲಿ ಶಾಲು ಹೊದ್ದು ಕುಳಿತಿದ್ದವರು, “ನಮ್ಮಲ್ಲಿ ಪುಸ್ತಕ ಮಗುವಿನ ಕೈ ಹಿಡ್ಕೊಂಡೇ ಮೇಲಕ್ಕೆ ಹತ್ತಬೇಕು” ಎಂದರು. ಸಚಿವರು ನಕ್ಕು, “ಏಳು ವರ್ಷ ಅಂದ್ರೆ ಅಷ್ಟೊತ್ತಿಗೆ ನಾನೆಲ್ಲಿರ್ತೀನೋ ತಾಯಿ!” ಎಂದರು. ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ.

ಆಮೇಲೆ ಆಕೆ ಹೇಳಿದ್ದನ್ನು ನಿನಗೆ ನೆನಪಿಸಬೇಕು. “ನಾವೂ ಒಂದ್ಸಲ ಎಡವಿದ್ವಿ. ಹಿಂದಿನ ಸುಧಾರಣೇಲಿ ಅವಸರ ಮಾಡಿ ಎಲ್ಲಾ ತರಗತೀನೂ ಒಟ್ಟಿಗೇ ಬದಲಾಯಿಸಿದ್ವಿ. ಮಧ್ಯದ ಮಕ್ಕಳಿಗೆ ಭಾಗಾಕಾರನೇ ಸಿಗಲಿಲ್ಲ. ಗೊತ್ತಾದ ಮೇಲೆ ಶಾಲೆ ಶಾಲೆಗೂ ಹೋದ್ವಿ. ಮಕ್ಕಳ ಮುಂದೆ ನಿಂತು, ನೀವು ಮರ್ತಿದ್ದಲ್ಲ, ನಾವು ಬಿಟ್ಟಿದ್ದು, ತಪ್ಪು ನಮ್ಮದು ಅಂತ ಹೇಳಿದ್ವಿ. ಆಮೇಲೇ ಪಾಠ ಶುರು ಮಾಡಿದ್ದು.” ನೀನು ನನ್ನ ಪಕ್ಕದಲ್ಲೇ ಕುಳಿತಿದ್ದೆ, ಅಣ್ಣಾ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ಲೋಟದ ನೀರು ಕುಡಿದೆ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಬೇರೆ ಯಾರ ಮುಂದಾದರೂ ಆಡು, ನನ್ನ ಮುಂದೆ ಬೇಡ.

ಎರಡು ದೇಶಗಳ ವ್ಯತ್ಯಾಸ ಇಷ್ಟೇ. ಅವರು ಎಡವಿದಾಗ ಬಗ್ಗಿ ನೋಡಿದರು. ನಾವು ಎಡವಿ, ಕಲ್ಲಿಗೆ ನೋಟಿಸು ಕೊಟ್ಟೆವು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡರೆ ಅದರ ಮೈ, ಅದರ ಹಣೆಬರಹ ಎನ್ನಬಹುದು. ನೀವು ಬರೆ ಎಳೆದದ್ದು ನಿಮ್ಮ ಮೈಮೇಲಲ್ಲ, ಮಕ್ಕಳ ಮೈಮೇಲೆ.

ಶಾಲೆ ತೆರೆದ ವಾರದಲ್ಲೇ ನಾನು ನಿನಗೆ ಫೋನು ಮಾಡಿದ್ದೆ. ಆಗಲೇ ಒಂದು ಆದೇಶ ಹೊರಡಿಸಿದ್ದರೆ ಸಾಕಿತ್ತು: ಆರನೆಯ ತರಗತಿಯವರು ಮೊದಲ ಕೆಲವು ವಾರ ಭಿನ್ನರಾಶಿ ಕಲಿಯಲಿ, ಆಮೇಲೆ ಹೊಸ ಪುಸ್ತಕ ತೆರೆಯಲಿ. ನೀನು ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನೋಡೋಣ, ಪರಿಶೀಲಿಸೋಣ, ಸಮಿತಿ ಇದೆ. ನಾನು ಬಿಡದೆ ಹಿಡಿದಾಗ ನಿಜ ಹೊರಗೆ ಬಂತು. “ಈಗ ಆದೇಶ ಹೊರಡ್ಸಿದ್ರೆ ಸುಧಾರಣೇಲಿ ತೂತಿದೆ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ ಕಣೇ. ಒಂದು ವರ್ಷದ ಮಕ್ಕಳು ತಾನೇ? ಮುಂದಿನವರಿಗೆ ತಾನಾಗೇ ಸರಿಹೋಗುತ್ತೆ.”

ಒಂದು ವರ್ಷದ ಮಕ್ಕಳು ತಾನೇ. ಆ ‘ತಾನೇ’ಯನ್ನು ನಾನು ಇವತ್ತಿಗೂ ನುಂಗಲಾರದೆ ಒದ್ದಾಡುತ್ತಿದ್ದೇನೆ. ಆ ಮಕ್ಕಳಿಗೆ ಇನ್ನೊಂದು ಆರನೆಯ ತರಗತಿ ಇದೆಯೇನೋ? ಇನ್ನೊಂದು ಹನ್ನೊಂದರ ವಯಸ್ಸು ಇದೆಯೇನೋ?

ಫೋನು ಇಟ್ಟವಳು ಮರುದಿನ ಹೊಸ ಪುಸ್ತಕವನ್ನು ಮೇಜಿನ ಖಾನೆಗೆ ಹಾಕಿದೆ. ಮಕ್ಕಳ ಕೈಗೆ ಹಳೆಯ ಪತ್ರಿಕೆ ಕೊಟ್ಟು ಮಡಚಿಸಿದೆ. ಅರ್ಧ, ಅರ್ಧದ ಅರ್ಧ, ಅದರ ಅರ್ಧ. ಎಲ್ಲಿ ಕಲಿತೆ ಈ ವಿದ್ಯೆ ಎಂದು ಶಾಲೆಯ ತಪಾಸಣೆಗೆ ಬಂದ ನಿನ್ನ ಇನ್ಸ್‌ಪೆಕ್ಟರು ಕೇಳಿದರು. ಶಿಕ್ಷಕರ ತರಬೇತಿಯಲ್ಲಿ ಎಂದು ಸುಳ್ಳು ಹೇಳಿದೆ. ನಿಜ ನಿನಗೆ ಗೊತ್ತು.

ಅಪ್ಪನ ಬೈಂಡಿಂಗ್ ಅಂಗಡಿಯ ಹಿಂಬದಿಯಲ್ಲಿ, ಅಂಟಿನ ಡಬ್ಬಿಗಳ ನಡುವೆ, ನನಗೆ ಭಿನ್ನರಾಶಿ ಕಲಿಸಿದವನು ನೀನು. ತಲೆಗೆ ಹತ್ತದೆ ನಾನು ಅಳುತ್ತಿದ್ದೆ. ನೀನು ಮುದ್ರಣದಲ್ಲಿ ಹಾಳಾದ ಒಂದು ದೊಡ್ಡ ಹಾಳೆ ತಂದು ನೆಲದ ಮೇಲೆ ಹಾಸಿದೆ. ಮಡಚು ಎಂದೆ. ನಾನು ಮಡಚಿದೆ. ಎಷ್ಟಾಯಿತು? ಎರಡು. ಇನ್ನೊಮ್ಮೆ. ನಾಲ್ಕು. ಕೊನೆಗೆ ನೀನು ನನ್ನ ಅಂಗೈಯಷ್ಟಾದ ಕಾಗದವನ್ನು ಹಿಡಿದು, “ಚಿಕ್ಕದಾಯ್ತು ಅಂತ ಇದು ಕಡಿಮೆಯಲ್ಲ ಕಣೇ. ಬಿಚ್ಚಿದ್ರೆ ಇಡೀ ಹಾಳೆ ಇದರೊಳಗೇ ಇದೆ” ಎಂದೆ. ನಾನು ಬಿಚ್ಚಿದೆ, ಮಡಚಿದೆ, ಬಿಚ್ಚಿದೆ. ಅಪ್ಪ ಸೂಜಿಗೆ ದಾರ ಪೋಣಿಸುತ್ತಾ, “ಇವನು ಮೇಷ್ಟ್ರಾಗ್ತಾನೆ ನೋಡು” ಎಂದರು. ಅವರ ಮಾತು ನಿಜವಾಗಲಿಲ್ಲ. ನೀನು ಮೇಷ್ಟ್ರುಗಳ ಮೇಲಿನ ಸಾಹೇಬನಾದೆ, ಮೇಷ್ಟ್ರಾದವಳು ನಾನು. ನಿನ್ನನ್ನು ನೋಡಿಯೇ ಆದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಈಗ ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿದೆ, ಸಿಟ್ಟೂ ಇಮ್ಮಡಿಯಾಗುತ್ತಿದೆ. ಗೊತ್ತಿಲ್ಲದವನು ಮಾಡಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಇಷ್ಟಾದರೂ ನಾನು ಮನೆಯ ಕಾಗದ ಬರೆಯುತ್ತಿರಲಿಲ್ಲ. ಕಚೇರಿಯ ಕಾಗದದಲ್ಲೇ ಜಗಳ ಮುಗಿಸುತ್ತಿದ್ದೆ. ಬರೆಯಿಸಿದ್ದು ನಿನ್ನ ಮಗಳು.

ಎರಡು ತಿಂಗಳ ಹಿಂದೆ ನೀನಾಗಿಯೇ ಫೋನು ಮಾಡಿದೆ. ದನಿಯಲ್ಲಿ ಎಂದೂ ಇಲ್ಲದ ಬೆಣ್ಣೆ. “ನಮ್ಮ ಗುಬ್ಬಚ್ಚಿಗೆ ಲೆಕ್ಕ ಸ್ವಲ್ಪ ಕಷ್ಟ ಆಗ್ತಿದೆ. ಭಾನುವಾರ ನಿನ್ನ ಹತ್ರ ಕಳಿಸ್ಲಾ? ಆ ಭಿನ್ನರಾಶಿ ಒಂದಿಷ್ಟು ಹೇಳ್ಕೊಡು. ಯಾರ ಹತ್ರಾನೂ ಹೇಳೋಕ್ಕೆ ಹೋಗ್ಬೇಡ ಮತ್ತೆ.” ಅವಳೂ ಆರನೆಯ ತರಗತಿ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಿನಗೆ ಹೊಳೆದಿತ್ತು. ಒಂದು ವರ್ಷದ ಮಕ್ಕಳು ತಾನೇ ಎಂದವನು, ಅವರಲ್ಲಿ ಒಬ್ಬಳನ್ನು ಮಾತ್ರ ಮೆಲ್ಲಗೆ ಎತ್ತಿ ದಡಕ್ಕೆ ಹಾಕಿಕೊಂಡೆ. ಭಾನುವಾರ ನಿನ್ನ ಮಗಳಿಗೆ ಕಲಿಸಿದರೆ ಅತ್ತೆಯ ಪ್ರೀತಿ. ಸೋಮವಾರ ಡ್ರೈವರನ ಮಗಳಿಗೆ ಅದನ್ನೇ ಕಲಿಸಿದರೆ ಶಿಸ್ತುಕ್ರಮ. ಇದು ಯಾವ ದೇಶದ ಮಾದರಿಯೋ ನನಗೆ ತಿಳಿಯದು. ಆಚೆ ದಡದಲ್ಲಿ ನಾನಂತೂ ಇದನ್ನು ನೋಡಲಿಲ್ಲ.

ಆದರೂ ಕಲಿಸಿದೆ. ಮಗು ಏನು ತಪ್ಪು ಮಾಡಿದೆ? ಕಚೇರಿಯ ಕಾರು ಬೀದಿಯ ತಿರುವಿನಲ್ಲೇ ನಿಲ್ಲುತ್ತದೆ, ಯಾರೂ ನೋಡಬಾರದೆಂದು. ಅವಳು ಚೀಲ ಹೊತ್ತು ನಡೆದು ಬರುತ್ತಾಳೆ. ಚೂಟಿ ಹುಡುಗಿ. ಹೇಳಿದ್ದನ್ನು ಗಬಕ್ಕನೆ ಹಿಡಿಯುತ್ತಾಳೆ, ಆದರೆ ಉತ್ತರ ಹೇಳುವ ಮೊದಲು ಪ್ರತಿ ಸಲವೂ ನನ್ನ ಮುಖ ನೋಡುತ್ತಾಳೆ. ಸರಿ ಉತ್ತರವನ್ನೂ ತಪ್ಪು ಮಾಡಿದವರ ದನಿಯಲ್ಲೇ ಹೇಳುತ್ತಾಳೆ. ಯಾಕೆ ಹೀಗೆ ಎಂದು ನಾನು ಯೋಚಿಸುತ್ತಲೇ ಇದ್ದೆ.

ಇವತ್ತು ತಿಳಿಯಿತು. ಮಧ್ಯಾಹ್ನ ಲೆಕ್ಕ ಮಾಡುತ್ತಿದ್ದವಳು ಗಡಿಯಾರ ನೋಡಿ, ಚೀಲದಿಂದ ಒಂದು ಬಾಟಲಿ ತೆಗೆದು, ಮುಚ್ಚಳಕ್ಕೆ ಬಗ್ಗಿಸಿಕೊಂಡು ಕುಡಿದಳು. ಏನಮ್ಮಾ ಅದು ಎಂದೆ. “ನೆನಪಿನ ಶಕ್ತೀದು ಅತ್ತೆ. ಕಹಿ. ಹೋದ ವರ್ಷ ಕಲ್ತಿದ್ದೆಲ್ಲ ನಾನು ಮರ್ತುಬಿಟ್ಟಿದ್ದೀನಲ್ಲ, ಅದಕ್ಕೆ ಅಪ್ಪ ತಂದ್ಕೊಟ್ರು” ಎಂದಳು.

ಅಣ್ಣಾ, ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದೆ. ಕ್ಷೌರದಂಗಡಿಯವರಿಗೆ ಗೊತ್ತಿರಲಿಲ್ಲ, ಹೊಡೆದರು. ಆ ಮನುಷ್ಯನ ಮೇಲೆ ನಾನು ರೇಗಾಡಿ ಬಂದಿದ್ದೆ. ನಿನಗೆ ಗೊತ್ತಿತ್ತು. ಆ ಪುಸ್ತಕದ ಸಾಲು ಸುಳ್ಳೆಂದು ಈ ದೇಶದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದವನು ನೀನು. ಆದರೂ ಮಗಳ ಎದುರು, ಅಪ್ಪನ ಕಚೇರಿ ತಪ್ಪು ಮಾಡಿದೆ ಎನ್ನುವುದಕ್ಕಿಂತ ನಿನ್ನ ತಲೆಯೇ ಸರಿಯಿಲ್ಲ ಎನ್ನುವುದು ನಿನಗೆ ಸುಲಭವಾಯಿತು. ನಿನ್ನ ಸುಧಾರಣೆಯ ಮಾನ ಉಳಿಸಲು ಹೆತ್ತ ಮಗಳಿಗೆ ಔಷಧಿ ಕುಡಿಸಿದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಕೇಳಿದ್ದೆ. ಅದು ತನ್ನ ಮನೆಯ ಹಿತ್ತಿಲನ್ನೂ ಬಿಡುವುದಿಲ್ಲ ಎಂದು ಗೊತ್ತಿರಲಿಲ್ಲ. ಅತ್ತಿಗೆಗೆ ಈ ವಿಷಯ ತಿಳಿದಿದೆಯೋ ಇಲ್ಲವೋ, ನಾನು ಕೇಳಲು ಹೋಗುವುದಿಲ್ಲ.

ಹಿಂತಿರುಗಿ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಬಾಟಲಿಯ ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟೆ. ನದಿಯಾಚೆಯ ಆ ಬಿಳಿಕೂದಲಿನ ಅಮ್ಮ ಶಾಲೆ ಶಾಲೆಯಲ್ಲೂ ಹೇಳಿದ ಮಾತನ್ನೇ ಹೇಳಿದೆ. ನೀನು ಏನನ್ನೂ ಮರೆತಿಲ್ಲ ಮಗಳೇ. ನಿನಗೆ ಯಾರೂ ಕಲಿಸಿರಲಿಲ್ಲ. ನಿನಗೊಬ್ಬಳಿಗೇ ಅಲ್ಲ, ನಿನ್ನ ವಯಸ್ಸಿನ ಯಾರಿಗೂ ಕಲಿಸಿಲ್ಲ. ದೊಡ್ಡವರು ಪುಸ್ತಕ ಬದಲಾಯಿಸುವಾಗ ಮಧ್ಯದಲ್ಲಿ ನಿಮ್ಮನ್ನು ಬಿಟ್ಟುಬಿಟ್ಟರು. ತಪ್ಪು ನಮ್ಮದು.

“ಹಾಗಾದ್ರೆ ನಾನು ದಡ್ಡಿ ಅಲ್ವಾ?” ಎಂದಳು. ಅಲ್ಲ ಎಂದೆ. ಅತ್ತಳು. ಆ ಅಳುವಿನಲ್ಲಿ ದುಃಖಕ್ಕಿಂತ ಬಿಡುಗಡೆಯೇ ಹೆಚ್ಚಿತ್ತು. ಮೂಗು ಒರೆಸಿಕೊಂಡು, ಚೂಟಿ ಹುಡುಗಿ ಎಂದೆನಲ್ಲ, ಮುಂದಿನ ಪ್ರಶ್ನೆ ಕೇಳಿದಳು: “ಅಪ್ಪನಿಗೆ ಇದು ಗೊತ್ತಾ?”

ಗೊತ್ತು ಎಂದಿದ್ದರೆ ಅವಳ ಅಪ್ಪನನ್ನು ನಾನು ಕಿತ್ತುಕೊಂಡಂತೆ. ಗೊತ್ತಿಲ್ಲ ಎಂದಿದ್ದರೆ ನಾನೂ ನಿಮ್ಮ ಪುಸ್ತಕದ ಇನ್ನೊಂದು ಸಾಲಾಗುತ್ತಿದ್ದೆ. “ಮನೆಗೆ ಹೋಗಿ ಅಪ್ಪನನ್ನೇ ಕೇಳು” ಎಂದೆ. ಈಗ ಅವಳು ನನ್ನ ಎದುರಿಗೇ ಕುಳಿತು ಪತ್ರಿಕೆಯ ಹಾಳೆ ಮಡಚುತ್ತಿದ್ದಾಳೆ. ಮಡಚಿ ಬಿಚ್ಚಿ, ಬಿಚ್ಚಿ ಮಡಚಿ, ತುಟಿಯಲ್ಲೇ ಎಣಿಸಿಕೊಳ್ಳುತ್ತಿದ್ದಾಳೆ. ಈ ಸಲ ನನ್ನ ಮುಖ ನೋಡುತ್ತಿಲ್ಲ.

ನಾಳೆಯೂ ನನ್ನ ಆರನೆಯ ತರಗತಿಯಲ್ಲಿ ಭಿನ್ನರಾಶಿ ಮುಂದುವರಿಯುತ್ತದೆ. ಕೆಲಸ ಹೋದರೆ ಹೋಗಲಿ. ಶಾಲೆಯ ಗೇಟಿನ ಹೊರಗೆ ಮರವಿದೆ, ಹಳೆಯ ಪತ್ರಿಕೆಗಳಿಗೂ ಬರವಿಲ್ಲ. ಆದರೆ ನಾನು ಒಬ್ಬಳು ಒಂದು ಕೋಣೆಯಲ್ಲಿ ಮಡಚಿಸಿದರೆ ದೇಶದ ಉಳಿದ ಕೋಣೆಗಳ ಮಕ್ಕಳಿಗೆ ಏನು ಬಂತು? ಅವರಿಗೆ ಬೇಕಾದದ್ದು ನಿನ್ನ ಸಹಿ. ನನಗೆ ನೋಟಿಸು ಕೊಡಲು ಓಡಿದ ಅದೇ ಪೆನ್ನು. ಆದೇಶದ ಒಕ್ಕಣೆ ನಿನಗೆ ಕಷ್ಟವಾಗುವುದಾದರೆ ನಾನೇ ಹೇಳುತ್ತೇನೆ: ನೀವು ಮರೆತಿಲ್ಲ, ನಾವು ಬಿಟ್ಟೆವು, ಇಂದಿನಿಂದ ಕಲಿಯೋಣ. ಇದಕ್ಕೆ ಸಮಿತಿ ಬೇಕಿಲ್ಲ. ಸಚಿವರು ಸಿಟ್ಟಾಗುತ್ತಾರೆ ಎಂದು ಹೆದರುತ್ತೀಯ. ಆಗಲಿ ಬಿಡು. ಹನ್ನೊಂದು ವರ್ಷದವಳ ಎದುರು ನಿಲ್ಲುವುದಕ್ಕಿಂತ ಅದು ಸುಲಭ.

ತಿರುವಿನಲ್ಲಿ ಕಾರಿನ ಹಾರ್ನು ಕೇಳಿಸುತ್ತಿದೆ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆಗೆ ಚೆನ್ನಾಗಿ ಅಂಟು ಹಾಕಿದ್ದೇನೆ, ಅಪ್ಪ ಕಲಿಸಿದ ಹಾಗೆ, ಅಂಚಿನಿಂದ ಅಂಚಿಗೆ. ನಿನ್ನ ವಿಷಯವನ್ನು ಅವಳು ನನ್ನ ಅಕ್ಷರದಲ್ಲಿ ಓದಿ ತಿಳಿಯುವುದು ಬೇಡ. ನಿನ್ನ ಬಾಯಿಂದಲೇ ಕೇಳಲಿ. ಸಿರಪ್ಪಿನ ಬಾಟಲಿ ನನ್ನ ಹತ್ತಿರವೇ ಇದೆ. ಅದನ್ನು ಕೇಳಬೇಡ.

ತಂಗಿಯಾದವಳು ಕಾಗದದ ಕೊನೆಯಲ್ಲಿ ಅಣ್ಣನ ಆಶೀರ್ವಾದ ಕೇಳಬೇಕು. ಈ ಸಲ ಕೇಳಲು ಮನಸ್ಸಿಲ್ಲ. ಬದಲಿಗೆ ನಾನೇ ನಿನಗೆ ಹಾರೈಸುತ್ತೇನೆ. ಇವತ್ತು ಸಂಜೆ ನಿನ್ನ ಮಗಳು ಬಾಗಿಲಲ್ಲೇ ನಿಂತು, ಚೀಲವನ್ನೂ ಇಳಿಸದೆ ಒಂದು ಪ್ರಶ್ನೆ ಕೇಳುತ್ತಾಳೆ. ಆಗ ನಿನ್ನ ಕೈ ಆವತ್ತಿನಂತೆ ನೀರಿನ ಲೋಟಕ್ಕೆ ಹೋಗದಿರಲಿ.

ಇನ್ನೂ ಖಾರವಾಗಿಯೇ ಇರುವ,
ನಿನ್ನ ಮೆಣಸಿನಕಾಯಿ